ಗಿಡ್ಡ ಗೇರು

ಶಹಾಬಾದಿನ ಹಳೇ ರೈಲ್ವೆ ಗೇಟಿನ ಬಾಜೂಕ
ಜಗದೇವಿಯ ಚಹಾದಂಗಡಿ ಮುಂದ
ಐತವಾರ ಮುಂಜಾನೆ ಏಳಕ್ಕ ನಮ್ಮ ಸಭಾ.
ನಾಕು ಗಾಡಿ, ಐದು ಮಂದಿ, ಒಂದೇ ತಕರಾರು:
ಅಸಲಿ ಯಾವ್ದು?

ಅಂಬಾರಾಯ ಬಾನೆಟ್ ಮ್ಯಾಲ ಕೈ ಇಟ್ಟು ಅಂತಾನ:
ನಾಕೂ ಗಾಲಿ ದುಡೀಬೇಕು.
ಇಬ್ಬರು ದುಡಿದು ಇಬ್ಬರು ಕುಂತು ತಿಂದ್ರ
ಅದು ಮನಿ, ಗಾಡಿ ಅಲ್ಲ.

ಗುಂಡೇರಾವ ನಗ್ತಾನ:
ನಿಂದು ಗುಂಡಿ ಒತ್ತೋ ಗಾಡಿ.
ಗುಂಡಿ ಒತ್ತಿದ್ರ ಲಿಫ್ಟ್ ಬರ್ತಾದ ತಮ್ಮಾ, ಗುಡ್ಡ ಕೆಳಗ ಬರಲ್ಲ.
ಗಿಡ್ಡ ಗೇರು ಇರ್ಬೇಕು, ಎಳದ್ರ ರಟ್ಟಿ ನೋಯ್ಬೇಕು.
ಎ.ಸಿ. ಇದ್ದದ್ದು ದಿವಾನಖಾನಿ.

ನಿಂದಕ್ಕ ಎ.ಸಿ. ಇಲ್ಲೇನು?
ಅದಾ. ಹಚ್ಚಲ್ಲ.
ಬ್ಯಾಸಿಗ್ಯಾಗ?
ಗುಂಡೇರಾವ ಭಜಿ ತಿನ್ಲತ್ತಾನ,
ಬಾಯಿ ತುಂಬಿದಾಗ ಮಾತಾಡಬಾರದು.

ಸಾಯಬಣ್ಣಂದು ಬ್ಯಾರೇ ಕಾನೂನು:
ಬಾಗಿಲು ಬಿಚ್ಚಿಡ್ಲಾಕ ಬರ್ಬೇಕು,
ಹೇಣ್ತಿ ಒಮ್ಮಿ ಕುಂತ್ರ ಎರಡನೇ ಸಲ
ಕೈ ಮುಗದ್ರೂ ಹತ್ತಬಾರದು, ಅದು ಅಸಲಿ.
ಚಹಾ ಸೋಸಕೋತ ಜಗದೇವಿ:
ಹಂಗಾದ್ರ ನನ್ನ ಗಂಡನ ಲೂನಾನೂ ಅಸಲೀನೇ ಬಿಡ್ರಿ.

ನನ್ನ ಜೀಪಿನ ಸುದ್ದಿ ಬಂದ್ರ ಮಾತ್ರ ವಾದ ಇಲ್ಲ.
ಅಪ್ಪ ಸಿಕಿಂದ್ರಾಬಾದಿನ ಲಿಲಾವದಾಗ ತಂದ ಮಿಲಿಟ್ರಿ ಮಾಲು,
ಉಗುರಿಲೆ ಗೀರಿದ್ರ ನಾಕು ಬಣ್ಣ ಕಾಣ್ತಾವ.
ಶಾಂತಮಲ್ಲಂದು ಬಿಡ್ರೋ, ಅದು ಹುಟ್ಟಾ ಅಸಲಿ, ಅಂತಾರ.
ನಾ ತಲಿ ಬಾಗಿಸಿ ಚಹಾ ಊದ್ತೀನಿ,
ಆರಿದ ಚಹಾನೂ ಊದ್ತೀನಿ.

ಮಿರಗ ಮಳಿ ಹೊಡದ ಮ್ಯಾಲ ಒಂದು ಐತವಾರ
ಮಾತು ಸಾಕು, ನೋಡೇಬಿಡೂಣು ಅಂದ್ರು.
ಕಾಗಿಣಾ ಕಡಿ ಮುಚ್ಚಿದ ಖಣಿ ದಾರಿ,
ಎರೆ ಮಣ್ಣು,
ಚಪ್ಪಲಿ ಇಸಗೊಂಡ್ರ ವಾಪಸ್ ಕೊಡೋ ಜಾತಿ ಅಲ್ಲ.

ಅಂಬಾರಾಯ ಇಪ್ಪತ್ತು ಮಾರು ಹೋದ.
ಪರದಿ ಮ್ಯಾಲ ಡಿಗ್ರಿ, ದಿಕ್ಕು, ಓರೆ ಎಲ್ಲಾ ಬಂತು,
ಒಳಗಿನ ಬಾಯಿ ಸಮಾಧಾನಲೆ ಹೇಳಿದಳು,
ನೀವು ಮುಟ್ಟಬೇಕಾದ ಜಾಗ ಮುಟ್ಟೀರಿ.
ಗುಂಡೇರಾವ ಗಿಡ್ಡ ಗೇರು ಎಳದ,
ಹೊಗಿ ಬಿಟ್ಟ, ಹೊಟ್ಟೀ ತನಕ ಇಳದ.
ಸಿಗಬಿದ್ದಿಲ್ಲ, ನಿಂತೀನಿ, ಅಂದ.
ಸಿಗಬೀಳೋದಕ್ಕ, ನಿಲ್ಲೋದಕ್ಕ ಏನು ಫರಕು?
ಮಣಕಾಲ ಮಟ ಕೆಸರಿನ್ಯಾಗ ಅದಕ್ಕೂ ಹತ್ತು ನಿಮಿಷ ವಾದ.
ಸಾಯಬಣ್ಣ ಇಳೀಲೇ ಇಲ್ಲ:
ಬಾಗಿಲು ಮನ್ಯಾಗ ಇಟ್ಟು ಬಂದೀನಿ, ಕೆಸರು ಒಳಗ ಬರ್ತಾದ.

ಇನ್ನ ನಂದು ಪಾಳಿ.
ಎಲ್ಲರಿಗೂ ಕೇಳೋ ಹಂಗ
ಗಿಡ್ಡ ಗೇರು ಖಟ್ಟಂತ ಎಳದು ಬಿಟ್ಟೆ.
ಈ ಕೆಸರಿನ ಕೆಳಗ ನಾಕು ಬೆರಳಿಗಿ ಪರಸಿ ಅದಾ.
ಒಂಬತ್ತು ವರ್ಷದವ ಕಲ್ಲಿನ ಲೋಡಿನ ಮ್ಯಾಲ ಕುಂತು
ಈ ದಾರಿ ಕುಂಡಿಲೆ ಕಲ್ತೀನಿ,
ಎಲ್ಲಿ ಹಾಸು ಮುಗೀತಾದ, ಎಲ್ಲಿ ಎಡಕ್ಕ ಹೊಳ್ಳಬೇಕು.
ಸಪೂರ ಗಾಲಿ ಮೊಸರನ್ನದಾಗ ಬೆರಳು ಇಟ್ಟಂಗ
ತಳ ಹುಡುಕಿ ಹುಡುಕಿ
ಆಚಿಗಿ ಹೋದ್ವು.
ಸೀಟಿ ಹೊಡದ್ರು.
ಎಲ್ಲಾ ಆ ಗೇರಿನ ಕಮಾಲ್, ಅಂದ ಗುಂಡೇರಾವ ಕೆಸರಿನಿಂದ.

ಗೇರಿನ ಕಮಾಲ್.
ಆ ಗೇರಿನ ಕೆಳಗ ಬರೇ ಗಾಳಿ ಅದಾ.
ಎಣ್ಣಿ ಭಾಳ ಕುಡೀತಾದಂತ ಅಪ್ಪ ಎಂದೋ
ಮುಂದಿನ ಶಾಫ್ಟು ಬಿಚ್ಚಿಟ್ಟ,
ಈಗದು ನಮ್ಮ ಬಾವಿ ರಾಟಿಯ ಅಡ್ಡಗೋಲು,
ಇನ್ನೂ ಭಾರ ಹೊರ್ತಾದ, ಪಾಪ.

ಅವತ್ತು ಐದನೇದವ, ಗಾಡಿ ಇಲ್ಲದವ,
ಮಿಸ್ತ್ರಿ ಚಾಂದ್‌ಪಾಷಾ
ಎಣ್ಣಿ ಸೋರ್ತಾದೇನು ನೋಡ್ತೀನಂತ
ಜೀಪಿನ ಬುಡಕ ತೂರಿದ.
ಭಾಳ ಹೊತ್ತು ಬರೇ ಎರಡು ಹಿಮ್ಮಡ ಕಾಣ್ತಿದ್ವು.
ಹೊರಗ ಬಂದು ಕೈ ಒರಸ್ಕೊಂಡ, ನನ್ನ ಮಾರಿ ನೋಡಿದ.
ಹೆಂಗದಾ ಪಾಷಾ? ಅಂದ್ರು ಎಲ್ಲಾರು.
ಯಾ ಅಲ್ಲಾ, ಎಂಥಾ ಮಾಲ್ ರಿ!
ನೂರಕ್ಕ ನೂರು ಅಸಲಿ.

ಆಮ್ಯಾಗ ನನ್ನ ಕಿವ್ಯಾಗ:
ಇನ್ನ ನನ್ನ ಚಹಾ ನಿನ್ನ ಖಾತಿಗಿ.

ಇವತ್ತು ಮತ್ತ ಐತವಾರ.
ಅಂಬಾರಾಯ, ಗುಂಡೇರಾವ ಗಾಲಿಗೆ ಬಂದಾರ.
ಚಾಂದ್‌ಪಾಷಾ ಎರಡನೇ ಚಹಾ ಹೇಳ್ಲತ್ತಾನ,
ಮ್ಯಾಲ ಒಂದು ಪ್ಲೇಟು ಭಜಿ.